ಬಣ್ಣ ಹತ್ತದ ಸ್ಲೈಡು

ಪೂರಿಗಾಲಿ ಚಿಕ್ಕಬೋರಯ್ಯನ ಮಗಳು ವನಜಾಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳು ಕೆಲಸ ಮಾಡುವ ಮಂಡ್ಯದ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಅವಳ ಬೈಗುಳ ತಿನ್ನದವರಿಲ್ಲ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಸ್ಲೈಡಿಗೆ ಹತ್ತಿಸಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು ಅವಳ ಕೆಲಸ. ಬಣ್ಣ ಹಾಕುವುದನ್ನು ಮೂರು ವರ್ಷದಿಂದ ಮೆಷಿನ್ನೇ ಮಾಡುತ್ತಿದೆ. ಅದು ಬಂದ ದಿನ ಮಾಲೀಕರು ಪೂಜೆ ಮಾಡಿಸಿ, "ಇನ್ನು ನಿಮಗೆ ಆರಾಮ ಬಿಡಿ" ಎಂದಿದ್ದರು. ಆರಾಮ ಎಲ್ಲಿಂದ ಬರಬೇಕು? ಬಣ್ಣ ಹತ್ತೇ ಹತ್ತುತ್ತದೆಂದು ಮೊದಲೇ ಗೊತ್ತಿರುವ ಒಂದು ಸ್ಲೈಡನ್ನೂ ಅವಳು ಪ್ರತಿ ಸಲ ರೋಗಿಗಳ ಸ್ಲೈಡಿನ ಜೊತೆ ಮೆಷಿನ್ನಿಗೆ ಹಾಕುತ್ತಾಳೆ. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಅದಕ್ಕೇ ಬಣ್ಣ ಹತ್ತದಿದ್ದರೆ ಉಳಿದ ಅಷ್ಟನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ಯಾರು ಗೋಗರೆದರೂ ಅಷ್ಟೆ.

ಹೋದ ವರ್ಷದ ಆಷಾಢದಲ್ಲಿ ಎರಡು ಎದೆಗಂಟಿನ ಚೂರುಗಳು ಒಟ್ಟಿಗೆ ಬಂದಿದ್ದವು. ಒಂದು ಮದ್ದೂರಿನ ಪ್ರಿಯಾಂಕಳದು, ಇಪ್ಪತ್ತಾರು ವರ್ಷ. ಇನ್ನೊಂದು ಚಿಕ್ಕರಸಿನಕೆರೆಯ ಮಲ್ಲಿಗಮ್ಮನದು, ಐವತ್ತೆಂಟು. ಮಲ್ಲಿಗಮ್ಮ ಗಂಟಿನಿಂದ ಚೂರು ತೆಗೆಯುವ ಸೂಜಿಗೆ ಹೆದರಿ ಎರಡು ಸಲ ಆಸ್ಪತ್ರೆಯಿಂದ ಎದ್ದು ಬಂದವಳು. ಮಗ ಶಿವರಾಜು ಕಾಲು ಹಿಡಿದು, ಇದೊಂದೇ ಸಲ ಎಂದು ಆಣೆ ಮಾಡಿ ಚುಚ್ಚಿಸಿದ್ದ. ಮಾಮೂಲಿ ಬಣ್ಣದಲ್ಲಿ ಡಾಕ್ಟರ್ ದೀಪಿಕ ಅವರಿಗೆ ಎರಡರ ಬಗ್ಗೆಯೂ ತೀರ್ಮಾನಕ್ಕೆ ಬರಲಾಗಲಿಲ್ಲ. ಇನ್ನೊಂದು ಬಣ್ಣ ಹಾಕಿ ನೋಡಬೇಕಿತ್ತು. ಅದರಲ್ಲಿ ಕಂದು ಅಂಚು ಕಂಡರೆ ಗಂಟು ಅಪಾಯವಿಲ್ಲದ್ದು, ಕಾಣದಿದ್ದರೆ ಕ್ಯಾನ್ಸರ್.

ಮೆಷಿನ್ ಕೆಲಸ ಮುಗಿಸಿ ಪರದೆಯ ಮೇಲೆ ಹಸಿರು ಗುರುತು ತೋರಿಸಿತು. ಎಲ್ಲ ಸರಿಯಾಗಿದೆಯಂತೆ. ಎರಡೂ ಸ್ಲೈಡಿನಲ್ಲಿ ಕಂದು ಇರಲಿಲ್ಲ. ಕಂಟ್ರೋಲಿನಲ್ಲೂ ಇರಲಿಲ್ಲ. ವನಜಾ ಮೆಷಿನ್ನಿನ ಒಂದೊಂದೇ ಬಾಟಲಿ ನೋಡುತ್ತಾ ಬಂದು, ಕೊನೆಗೆ ನೀರಿನ ಕ್ಯಾನು ಹಿಡಿದು ನಾಗಮಣಿಯ ಮುಂದೆ ನಿಂತಳು. ನಾಗಮಣಿ ಲ್ಯಾಬು ಗುಡಿಸಿ ಒರೆಸುವವಳು.

"ಇದ್ಯಾವ್ ನೀರಮ್ಮಿ?"

"ಡಿಸ್ಟಿಲ್ ನೀರು ಖಾಲಿ ಆಗಿತ್ತು ಕಣಕ್ಕ. ಕಾಯಿನ್ ಹಾಕಿ ಫಿಲ್ಟರ್ ನೀರು ತಂದು ತುಂಬ್ದೆ. ನಾವು ಕುಡಿಯೋ ನೀರು, ಅದ್ಕಿಂತ ಚೊಕ್ಕ ಯಾವ್ದೈತೆ?"

ವನಜಾ ಕ್ಯಾನನ್ನು ಗೋಡೆಗೆ ಎಸೆದಳು. "ಕುಡಿಯೋ ನೀರಲ್ಲಿರೋ ಉಪ್ಪಿಗೆ ಬಣ್ಣ ಹತ್ತಾಕಿಲ್ಲ. ಎರಡ್ ಎಂಗಸ್ರ ಎದೆ ಕುಯ್ಸಿಬುಡ್ತಿದ್ದೆ ಕಣೇ, ನಿನ್ ಚೊಕ್ಕ ನೀರಲ್ಲಿ!"

ಡಾಕ್ಟರಿಗೆ ತಿಳಿಸಿ, ಎರಡೂ ಮೇಣದ ಗಟ್ಟಿಗಳನ್ನು ಮತ್ತೆ ಕತ್ತರಿಸಲೆಂದು ಮೇಜಿನ ಮೇಲಿಟ್ಟಳು. ಸೂಜಿಯಲ್ಲಿ ತೆಗೆದಿದ್ದರಲ್ಲಿ ಉಳಿದದ್ದು ಅಷ್ಟೇ. ಅದೇ ಹೊತ್ತಿಗೆ ಶಿವರಾಜು ರಿಪೋರ್ಟಿಗೆಂದು ಮೂರನೇ ಸಲ ಬಂದ. ಕೌಂಟರಿನವರು ಇನ್ನೆರಡು ದಿನ ಎಂದದ್ದೇ ತಡ, ಒಳಬಾಗಿಲು ಒದ್ದುಕೊಂಡು ನುಗ್ಗಿದ.

"ಮೆಷಿನ್ ಕೆಲ್ಸ ಮುಗೀತು ಅಂತ ಒರಗಡೆ ಏಳುದ್ರು. ರಿಪೋರ್ಟ್ ಮಡೀಕಂಡು ಆಟ ಆಡ್ತಿದ್ದೀಯಾ? ಕೊಡೇ!"

"ಇದುನ್ನ ನಂಬುದ್ರೆ ನಿಮ್ಮವ್ವುಂಗೆ ಕ್ಯಾನ್ಸರ್ ಅಂತ ಬರ್ಕೊಡ್ಬೇಕಾಯ್ತದೆ. ಬಣ್ಣನೇ ಸರಿಯಾಗಿ ಹತ್ತಿಲ್ಲ. ಆಚೆ ನಡಿ."

ಕ್ಯಾನ್ಸರ್ ಎಂದ ಕೂಡಲೇ ಅವನಿಗೆ ತಲೆ ಕೆಟ್ಟಿತು. ಕೆನ್ನೆಗೆ ಬಿದ್ದ ಏಟಿಗೆ ವನಜಾಳ ಕನ್ನಡಕ ಹಾರಿತು. ಜಡೆ ಹಿಡಿದು ತಲೆಯನ್ನು ಮೇಜಿಗೆ ಕುಟ್ಟಿದ. ಅವಳೇನು ಸುಮ್ಮನೆ ಏಟು ತಿನ್ನುವವಳಲ್ಲ. ಸ್ಟೀಲ್ ಟ್ರೇ ಎತ್ತಿ ಅವನ ಹುಬ್ಬಿನ ಮೇಲೆ ಬಾರಿಸಿದಳು, ಮುಂಗೈ ಕಚ್ಚಿದಳು. ಅವನು ಅವಳ ಎಡಗೈ ಹಿಡಿದು ಬೆರಳುಗಳನ್ನು ಹಿಂದಕ್ಕೆ ತಿರುಚಿದ. ಎರಡು ಬೆರಳು ಲಟಕ್ಕನೆ ಮುರಿದವು. ಮೇಜು ಉರುಳಿತು. ಸ್ಲೈಡುಗಳು ಪುಡಿಪುಡಿಯಾದವು, ಮೇಣದ ಗಟ್ಟಿಗಳು ನೆಲಕ್ಕೆ ಬಿದ್ದವು.

"ತುಳೀಬ್ಯಾಡ, ತುಳೀಬ್ಯಾಡ ಕಣೋ!" ಎಂದು ವನಜಾ ಚೀರಿದಳು.

ಹುಬ್ಬಿನ ರಕ್ತ ಕಣ್ಣಿಗಿಳಿದಿದ್ದ ಶಿವರಾಜು ಬೂಟುಗಾಲಿನಲ್ಲಿ ಅಲ್ಲೇ ತುಳಿದಾಡಿದ. ಹೊರಗಿನವರು ಬಂದು ಅವನನ್ನು ಹಿಡಿಯುವಷ್ಟರಲ್ಲಿ ಮೇಣ, ಗಾಜು, ನೆತ್ತರು ಎಲ್ಲ ಒಂದಾಗಿದ್ದವು. ಗಟ್ಟಿಗಳಿಗೆ ಅಂಟಿದ್ದ, ರೋಗಿಯ ಹೆಸರಿದ್ದ ಪ್ಲಾಸ್ಟಿಕ್ ಚೌಕಟ್ಟುಗಳು ಕಳಚಿ ಮೂಲೆಗೆ ಸಿಡಿದಿದ್ದವು. ವನಜಾ ಮಂಡಿಯೂರಿ ನೋಡಿದಳು. ಯಾವ ಚೂರು ಮಲ್ಲಿಗಮ್ಮನದು, ಯಾವುದು ಪ್ರಿಯಾಂಕಳದು, ಗೊತ್ತಾಗುವಂತಿರಲಿಲ್ಲ.

"ನೀ ತುಳ್ದಾಕಿದ್ದು ನಿಮ್ಮವ್ವನ ಗಂಟಿನ ಚೂರು ಕಣೋ. ಇನ್ನೊಂದ್ಸಲ ಸೂಜಿ ಚುಚ್ಬೇಕು."

ಶಿವರಾಜು ನೆಲದ ಚೂರುಗಳತ್ತ ಕೈ ಚಾಚಿದ. "ಅಕ್ಕಾ, ಅವ್ವ ಒಪ್ಪಾಕಿಲ್ಲ. ಆಣೆ ಮಾಡಿವ್ನಿ. ಇದುನ್ನೇ ಕರಗ್ಸಿ ನೋಡಕ್ಕ, ನಿನ್ ಕಾಲಿಗೆ ಬೀಳ್ತೀನಿ."

ಮೇಣ ಕರಗಿಸಿ ಮತ್ತೆ ಗಟ್ಟಿ ಮಾಡುವುದು ವನಜಾಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಚೂರು ಅದಲುಬದಲಾದರೆ ಒಬ್ಬಳ ಎದೆ ಸುಮ್ಮನೆ ಹೋಗುತ್ತದೆ, ಇನ್ನೊಬ್ಬಳ ಜೀವವೇ ಹೋಗುತ್ತದೆ.

"ಯಾರ್ದು ಅಂತ ಗೊತ್ತಿಲ್ದೆ ನಾನು ಎಸ್ರು ಬರೆಯಾಕಿಲ್ಲ" ಎಂದಳು. ಅವನ ಕಣ್ಣೆದುರೇ ಎಲ್ಲವನ್ನೂ ನಾಗಮಣಿಯಿಂದ ಗುಡಿಸಿ ತೆಗೆಸಿದಳು. ಆಮೇಲೆ ಪೊಲೀಸರು ಬಂದು ಅವನನ್ನು ಕರೆದೊಯ್ದರು.

ಪ್ರಿಯಾಂಕ ಮುಂದಿನ ವಾರವೇ ಬಂದು, ಅತ್ತುಕೊಂಡೇ ಮತ್ತೆ ಚುಚ್ಚಿಸಿಕೊಂಡಳು. ಕಂಟ್ರೋಲಿಗೂ ಅವಳ ಸ್ಲೈಡಿಗೂ ಕಂದು ಚೆನ್ನಾಗಿ ಹತ್ತಿತು, ಅಪಾಯವಿಲ್ಲದ ಗಂಟು. ಮಲ್ಲಿಗಮ್ಮ ಬರಲಿಲ್ಲ. ಜಾಮೀನಿನ ಮೇಲೆ ಹೊರಬಂದ ಮಗ ಮತ್ತೆ ಚುಚ್ಚಿಸಿಕೋ ಎಂದಾಗ, ಮಾತು ತಪ್ಪಿದ ಎಂದು ಅವನು ಕೊಟ್ಟ ಅನ್ನವನ್ನೂ ಮುಟ್ಟಲಿಲ್ಲವಂತೆ. ಶಿವರಾತ್ರಿ ಕಳೆದ ಮೇಲೆ, ಗಂಟು ಒಡೆದು ಕೀವು ಸೋರತೊಡಗಿದಾಗ, ಅವಳನ್ನು ಹೊತ್ತುಕೊಂಡು ಬಂದರು.

ಆ ಸಲ ಕಂದು ಬಣ್ಣ ಬೇಕಾಗಲೇ ಇಲ್ಲ, ಮಾಮೂಲಿ ಬಣ್ಣದಲ್ಲೇ ಕ್ಯಾನ್ಸರ್ ಎದ್ದು ಕಾಣುತ್ತಿತ್ತು. ಎರಡನೇ ದಿನಕ್ಕೆ ರಿಪೋರ್ಟ್ ಸಿದ್ಧವಾಯಿತು. ಕಾಯಿಲೆ ಕೈಮೀರಿದೆ ಎಂದು ಆಸ್ಪತ್ರೆಯವರು ಅದಕ್ಕೂ ಮೊದಲೇ ಹೇಳಿದ್ದರು. ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಂತಿದ್ದ ಶಿವರಾಜುವನ್ನು ಕಂಡು ವನಜಾಳಿಗೆ ಕನಿಕರ ಬರಲಿಲ್ಲ, ಹೊಡೆಯಬೇಕೆನಿಸಿತು. ಅವಳ ಬೆರಳುಗಳು ಇನ್ನೂ ಮಡಚುತ್ತಿರಲಿಲ್ಲ.

"ಆವತ್ತೇ ಗೊತ್ತಾಗಿದ್ರೆ ಅವ್ವ ಉಳ್ಕತಿತ್ತಾ ಅಕ್ಕ?" ಎಂದು ಅವನು ಕೇಳಿದ.

ಅದು ವನಜಾಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ಅವನು ತಲೆಯೆತ್ತುವವರೆಗೆ ಕಾದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಉಳ್ಕತಿತ್ತು."