ಊಟ ಬಿಟ್ಟಿದ್ದು ಯಾವತ್ತು?

ಬೆಳಗಿನ ಆರು ಗಂಟೆ. ಆಸ್ಪತ್ರೆಯ ರಕ್ತಪರೀಕ್ಷೆ ಕಿಟಕಿಯೆದುರು ಆಗಲೇ ಮೂವತ್ತು ಜನ ಮುದುಡಿ ನಿಂತಿದ್ದಾರೆ. ಗೋಡೆಗೆ ಬಣ್ಣ ಹೊಡೆಯುವವನೊಬ್ಬ ತೋಳು ಚಾಚಿ, ಮುಖ ಆಚೆ ತಿರುಗಿಸಿ ಗೊಣಗುತ್ತಾನೆ: "ಸೊಳ್ಳೆಗೆ ಕೊಟ್ಟಿದ್ದು ಸಾಲ್ದು ಅಂತ ನಿಮಗೂ ಕೊಡ್ಬೇಕಾ ಅಕ್ಕಾ?"

"ಅದು ಹೇಳದೆ ಕುಡೀತು, ನಾನು ಹೇಳಿ ತಗೊಳ್ತೀನಿ. ಜ್ವರ ಎಷ್ಟು ದಿನದಿಂದ?"

"ಎರಡು ದಿನ."

"ಹೊಟ್ಟೆ ತುಂಬಾ ಉಂಡಿದ್ದು ಕೊನೇ ಸಲ ಯಾವತ್ತು?"

ಬಣ್ಣದವನು ಸೂಜಿ ಮರೆತು ಲೆಕ್ಕ ಹಾಕುತ್ತಾನೆ. "ಶನಿವಾರ. ಭಾನುವಾರ ಏಣಿ ಹತ್ತೋಕೇ ಆಗ್ಲಿಲ್ಲ, ಮೈ ಸುಡ್ತಿತ್ತು. ಆಮೇಲೆ ಮಾತ್ರೆ ನುಂಗಿ ಹತ್ತಿದೆ."

ಇವತ್ತು ಶುಕ್ರವಾರ. ಚೀಟಿಯ ಮೇಲಿನ ಎರಡನ್ನು ಹೊಡೆದುಹಾಕಿ ಆರು ಎಂದು ಬರೆಯುತ್ತಾರೆ ಈ ಲ್ಯಾಬ್ ಟೆಕ್ನಿಷಿಯನ್. ಸಾಲಿನಲ್ಲಿ ನಿಂತವರ ಬಾಯಲ್ಲಿ ಇವರು 'ಸೊಳ್ಳೆ ಅಕ್ಕ'. ಹದಿನೆಂಟು ವರ್ಷದ ಕೆಲಸದಲ್ಲಿ ಸಿಕ್ಕ ಒಂದೇ ಬಿರುದು. ಕೊಟ್ಟವರು ಯಾರೂ ಶಾಲು ಹೊದಿಸಿಲ್ಲ.

ದಿನಕ್ಕೆ ತೊಂಬತ್ತು ಟ್ಯೂಬು, ಸೊಳ್ಳೆಗಳ ಸುಗ್ಗಿಯಲ್ಲಿ ನೂರೈವತ್ತು. ರಕ್ತವನ್ನು ಗಿರಗಿರ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ತಟ್ಟೆಯ ಪುಟ್ಟ ಗುಳಿಗಳಿಗೆ ಹನಿಸಬೇಕು. ಗುಳಿ ಹಳದಿಯಾದರೆ ಡೆಂಗಿ. ಆದರೆ ಮೊದಲ ನಾಲ್ಕೈದು ದಿನಕ್ಕೆ ಒಂದು ಪರೀಕ್ಷೆ, ಆಮೇಲೆ ಇನ್ನೊಂದು. ಚೀಟಿಯಲ್ಲಿ ದಿನ ತಪ್ಪಿದರೆ ರೋಗವಿದ್ದರೂ ಗುಳಿ ಬೆಳ್ಳಗೇ ಇರಬಹುದು.

ಜನ ಮಾತ್ರ ಜ್ವರವನ್ನು ತಾವು ಮಲಗಿದ ದಿನದಿಂದ ಎಣಿಸುತ್ತಾರೆ. ಮಾತ್ರೆ ನುಂಗಿ ದುಡಿದ ದಿನಗಳು ಲೆಕ್ಕಕ್ಕಿಲ್ಲ. ಅಕ್ಕನ ತಮ್ಮನೂ ಹಾಗೇ ಎಣಿಸಿದ್ದ. ಬಸ್ ಡ್ರೈವರ್. ಎರಡು ವರ್ಷದ ಹಿಂದೆ ಅವನ ಚೀಟಿಯಲ್ಲೂ 'ಎರಡು ದಿನ' ಎಂದಿತ್ತು. ಗುಳಿ ಬೆಳ್ಳಗಿತ್ತು. ಅಕ್ಕನೇ ಫೋನು ಮಾಡಿ, "ಏನೂ ಇಲ್ಲ ಕಣೋ, ಮಲಕ್ಕೋ" ಎಂದಿದ್ದರು. ಮಾರನೆಯ ದಿನ ಜ್ವರ ಇಳಿಯಿತು. "ಗೆದ್ದೆ ಕಣಕ್ಕಾ" ಎಂದು ಡ್ಯೂಟಿಗೆ ಹೋದ. ಈ ಕಾಯಿಲೆಯಲ್ಲಿ ಜ್ವರ ಇಳಿಯುವ ಹೊತ್ತೇ ಕೆಟ್ಟದ್ದು. ಮೂರನೆಯ ದಿನ ಅವನಿಲ್ಲ.

"ಅವನ ಟ್ಯೂಬು ಅಂತ ಗೊತ್ತಿತ್ತು," ಅಕ್ಕ ಕೈಗವಸು ಕಳಚುತ್ತಾ ಹೇಳುತ್ತಾರೆ. "ಊಟ ಯಾವಾಗಿಂದ ಸೇರ್ತಿಲ್ಲ ಅಂತ ಒಂದು ಮಾತು ಕೇಳ್ಬಹುದಿತ್ತು. ಅವತ್ತು ನೂರಿಪ್ಪತ್ತು ಟ್ಯೂಬಿತ್ತು, ಕೇಳ್ಲಿಲ್ಲ."

ಒಳಗೆ ಕೂರಬೇಕಾದವರು ಅಂದಿನಿಂದ ಬೆಳಿಗ್ಗೆ ಕಿಟಕಿಗೆ ಬರುತ್ತಾರೆ. ಮೇಲಧಿಕಾರಿಗೆ ಇದು ಹಿಡಿಸದು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಗಂಟಲು ದಪ್ಪ ಮಾಡಿ ಅಕ್ಕ ಆ ಅಧಿಕಾರಿಯೇ ಆಗಿಬಿಡುತ್ತಾರೆ: "'ಪ್ರಶ್ನೆ ಕೇಳೋದು ಡಾಕ್ಟರ ಕೆಲಸ ಕಣಮ್ಮಾ. ನೀವು ಟ್ಯೂಬು ನೋಡ್ಕೊಳ್ಳಿ.'"

ಮಧ್ಯಾಹ್ನ ಒಂದೂವರೆ. ಬಣ್ಣದವನ ತಿಳಿ ಎರಡೂ ಪರೀಕ್ಷೆಗೆ ಹೋಗಿದೆ. ಮೊದಲನೆಯದು ಬೆಳ್ಳಗೆ. ಎರಡನೆಯದು ಗಾಢ ಹಳದಿ. ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರಕ್ಕೆ ಕುಸಿದಿದೆ. ಅಕ್ಕ ಚೀಟಿಯಲ್ಲಿದ್ದ ನಂಬರು ಒತ್ತುತ್ತಾರೆ.

"ಜ್ವರ ಇಳೀತಕ್ಕಾ!" ಆ ಕಡೆಯ ದನಿಯಲ್ಲಿ ಗೆಲುವಿದೆ. "ಕೆಲಸಕ್ಕೆ ಬಂದ್ಬಿಟ್ಟೆ. ಎರಡನೇ ಮಹಡೀಲಿದ್ದೀನಿ."

ಅಕ್ಕ ಕುರ್ಚಿಯಿಂದ ಎದ್ದುಬಿಡುತ್ತಾರೆ. "ಮೊದಲು ಏಣಿ ಇಳಿ. ಮೆಲ್ಲಗೆ. ಕೆಳಗೆ ಯಾರಿದ್ದಾರೋ ಅವರ ಕೈಗೆ ಫೋನು ಕೊಡು."

ಸಂಜೆ ಬಣ್ಣದವನು ಆಸ್ಪತ್ರೆಯ ವಾರ್ಡಿನ ಹಾಸಿಗೆಯಲ್ಲಿದ್ದಾನೆ, ಉಗುರುಗಳಲ್ಲಿ ಇನ್ನೂ ಸುಣ್ಣ. ಒಸಡಿನಲ್ಲಿ ರಕ್ತ ಜಿನುಗುತ್ತಿದೆ. ಭಾನುವಾರದವರೆಗೆ ಏನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರು. ಅವನ ಹೆಂಡತಿ ಕೈಮುಗಿದರೆ ಅಕ್ಕ ಆ ಕೈಗಳನ್ನು ಇಳಿಸುತ್ತಾರೆ. "ಈಗಲೇ ಬೇಡಮ್ಮ."

ನಿಮಗೇನು ಬೇಕು ಎಂದು ಕೇಳಿದರೆ ಸನ್ಮಾನ, ಬಡ್ತಿ ಯಾವುದೂ ಬಾಯಿಗೆ ಬರುವುದಿಲ್ಲ. ಅಕ್ಕ ಜೇಬಿನಿಂದ ಖಾಲಿ ಚೀಟಿಯೊಂದನ್ನು ತೆಗೆದು ಬಿಡಿಸುತ್ತಾರೆ.

"ಇಲ್ಲಿ 'ಜ್ವರ ಎಷ್ಟು ದಿನ' ಅಂತ ಅಚ್ಚಾಗಿದೆಯಲ್ಲ, ಅದನ್ನ ತೆಗೆದು 'ಊಟ ಬಿಟ್ಟಿದ್ದು ಯಾವತ್ತು' ಅಂತ ಹಾಕ್ಲಿ. ನಾನು ರಜೆ ಹಾಕಿದ ದಿನಾನೂ ಯಾರೋ ಒಬ್ಬರು ಕೇಳಿದ ಹಾಗಾಗುತ್ತೆ."