ಮಗ್ಗುಲು ಬದಲಿಸುವ ಮಹಾದೇವಿ

ಹೂಡಿಯ ಹಳೇ ಊರೊಳಗೆ ಇನ್ನೂ ಬೆಳಕು ಹರಿದಿಲ್ಲ. ಎದುರಿಗೆ ಅಪಾರ್ಟ್‌ಮೆಂಟು ಎದ್ದ ಮೇಲೆ ಈ ಬೀದಿಗೆ ಬೆಳಗು ತಡವಾಗಿಯೇ ಬರುತ್ತದೆ. ಮಹಾದೇವಿ ಕೈ ತೊಳೆದು, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮಂಚದ ಮೇಲಿನ ಪಿಳ್ಳಮ್ಮನ ಭುಜಕ್ಕೊಂದು, ಸೊಂಟಕ್ಕೊಂದು ಕೈ ಕೊಡುತ್ತಾಳೆ.

"ಅಮ್ಮಾರ, ಈಗ ಆ ಕಡೆ ಹೊಳ್ಳೂಣ್ರಿ."

"ಒಳ್ಳೋದಂತೆ ಒಳ್ಳೋದು! ನಾನೇನು ದೋಸೆ ಏನಮ್ಮಿ, ಮಗುಚಾಕೋಕೆ?"

"ದ್ವಾಸಿ ಇಷ್ಟ್ ಮಾತಾಡಂಗಿಲ್ರಿ."

ಸೊಂಟ ಮುರಿದುಕೊಂಡು ಮಲಗಿರುವ ಪಿಳ್ಳಮ್ಮನ ಬೆನ್ನಿಗೆ ಹುಣ್ಣಾಗದಿರಲಿ ಎಂದು ಹೀಗೆ ದಿನವಿಡೀ ಮಗ್ಗುಲು ಬದಲಿಸುತ್ತಿರಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ, ಚರ್ಮದ ಮಡಿಕೆಗಳಲ್ಲಿ ತೇವ ಉಳಿಯದಂತೆ ಒತ್ತಿ, ಮಂಡಿಗಳ ನಡುವೆ ದಿಂಬು ಇಡಬೇಕು. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿದ ಕುಟುಂಬ ಇದು. ಮಗ ದೇವರಾಜ್ ಬೆಳಗಾದರೆ ಹೊರಟುಬಿಡುತ್ತಾರೆ. ಮೇಲಿನ ಅಂತಸ್ತುಗಳಲ್ಲಿ ಜನವೋ ಜನ. ಕೆಳಗಿನ ಈ ಕೋಣೆಯಲ್ಲಿ ಹಗಲೆಲ್ಲ ಇವರಿಬ್ಬರೇ.

ಮಹಾದೇವಿ ಕುಷ್ಟಗಿ ಕಡೆಯವಳು. ಅಣ್ಣ ಬಸಲಿಂಗನ ಜೊತೆ ಗಾರೆ ಕೆಲಸಕ್ಕೆಂದು ಬಂದವಳು. ಜಿಗಣಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಅಣ್ಣ ಅಲ್ಲಿಗೆ ಹೋದ. ಇವಳು ಕಾಡುಗೋಡಿಯ ಶೀಟಿನ ರೂಮಿನಲ್ಲಿ ಒಬ್ಬಳೇ ಉಳಿದಳು. ಮನೆಗಳಿಗೆ ಆಯಾಗಳನ್ನು ಕಳಿಸುವ ಏಜೆನ್ಸಿಯೊಂದು ಈ ಕೆಲಸ ಕೊಟ್ಟಿತು. ಜೊತೆಗೆ ಸಂಜೆಯ ನರ್ಸಿಂಗ್ ಕೋರ್ಸಿಗೂ ಸೇರಿಕೊಂಡಳು. ದಿನವೆಲ್ಲ ದುಡಿದು ಬೆಂಚಿನ ಮೇಲೆ ಕೂತರೆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತವೆ ನೋಡಿ. ಕಣ್ಣಿಗೆ ನೀರು ಹಚ್ಚಿಕೊಂಡು ಓದಬೇಕು.

"ಕ್ಲಾಸಿನ್ಯಾಗ ಗೊಂಬಿ ಮಲಗಿಸಿರ್ತಾರ್ರಿ. ಎಷ್ಟ್ ಚುಚ್ಚಿದ್ರೂ ಅದು ಬೈಯಂಗಿಲ್ಲ. ಪಿಳ್ಳಮ್ಮಾರು ಮುಟ್ಟೂಕಿಂತ ಮೊದಲ ಬೈತಾರ," ಎಂದು ನಗುತ್ತಾಳೆ.

ಬೈಸಿಕೊಂಡಿದ್ದಕ್ಕೂ ಒಂದು ಕಥೆಯಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಗ್ಗೆ ಪಿಳ್ಳಮ್ಮ ಎದೆ ನೀವಿಕೊಳ್ಳುತ್ತ "ಸಂಕ್ಟ ಆಯ್ತದೆ ಕಣಮ್ಮಿ" ಎಂದರಂತೆ. ಈ ಕಡೆಯ ಹಳ್ಳಿಯವರ ಬಾಯಲ್ಲಿ ಸಂಕಟವೆಂದರೆ ಹೊಟ್ಟೆ ತೊಳೆಸುವುದು, ಇನ್ನೇನು ವಾಂತಿ ಬರುವುದು. ಮಹಾದೇವಿಗೆ ಸಂಕಟವೆಂದರೆ ದುಃಖ. ಪಕ್ಕದಲ್ಲಿ ಕೂತು ಕೈ ಹಿಡಿದು, "ಎಲ್ಲಾರಿಗೂ ಇರತೈತ್ರಿ, ಮನಸಿಗೆ ಹಚ್ಕೋಬ್ಯಾಡ್ರಿ, ದೇವರದಾನ" ಎಂದು ಸಮಾಧಾನ ಹೇಳತೊಡಗಿದಳು. ಮಾತು ಮುಗಿಯುವ ಮೊದಲೇ ಅವಳ ಮಡಿಲ ತುಂಬ ವಾಂತಿ.

"ಬಕೀಟು ತರೋ ಒತ್ನಲ್ಲಿ ದೇವ್ರ ಇಸ್ಯ ಯೋಳ್ತಾ ಕುಂತವ್ಳೆ! ಮಾದೇವಿ ಅಲ್ಲ ಇವ್ಳು, ಮೂದೇವಿ!" ಪಿಳ್ಳಮ್ಮ ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಅಂದಿನಿಂದ ಮಹಾದೇವಿ ಕೇಳಿಯೇ ಮುಂದುವರಿಯುವುದು: "ಯಾವ ಸಂಕಟ್ರಿ, ಹೊಟ್ಟೀದೋ, ಮನಸಿಂದೋ?" ಒಮ್ಮೊಮ್ಮೆ ಪಿಳ್ಳಮ್ಮ ಕಿಟಕಿಯ ಕಡೆ ನೋಡುತ್ತಾರೆ. ಬಕೀಟು ಬೇಕಾಗಿಲ್ಲವೆಂದು ಆಗ ಇವಳಿಗೆ ತಿಳಿಯುತ್ತದೆ.

ಈಗ ಕೋರ್ಸಿನ ಕೊನೆಯ ಭಾಗ ಬಂದಿದೆ. ಆಸ್ಪತ್ರೆಯ ವಾರ್ಡಿನಲ್ಲಿ ತರಬೇತಿ, ಹಗಲಿನದು, ಸಂಬಳವಿಲ್ಲದ್ದು. ಸೋಮವಾರ ಶುರು. ಅದು ಮಾಡಿದರೆ ಸರ್ಟಿಫಿಕೇಟು, ಇಲ್ಲದಿದ್ದರೆ ಇಷ್ಟು ದಿನ ಓದಿದ್ದು ಓದಲ್ಲ. ಹೋಗಬೇಕೆಂದರೆ ಪಿಳ್ಳಮ್ಮನ ಮನೆ ಬಿಡಬೇಕು. ಹೊಟ್ಟೆಪಾಡಿಗೆ ಸಂಜೆ ಪಿಜಿ ಹಾಸ್ಟೆಲೊಂದರಲ್ಲಿ ಚಪಾತಿ ಲಟ್ಟಿಸುವ ಕೆಲಸ ಕೇಳಿಟ್ಟಿದ್ದಾಳೆ.

ಅಷ್ಟು ಮಾಡಿ ಮುಗಿಸಿದರೆ ಮುಂದೆ ಕೆಲಸ ಕಾದಿದೆಯೆ? ಹಿಂದಿನ ತಂಡದಲ್ಲಿ ಪಾಸಾದ ಗೆಳತಿ ಶ್ಯಾಮಲಾ ಆಸ್ಪತ್ರೆ ಆಸ್ಪತ್ರೆ ತಿರುಗಿದಳು. ಒಂದು ಕಡೆ ಅನುಭವ ಕೇಳಿದರು, ಇನ್ನೊಂದು ಕಡೆ ದೊಡ್ಡ ಡಿಗ್ರಿ ಕೇಳಿದರು. ಈಗ ವೈಟ್‌ಫೀಲ್ಡಿನ ಗೋದಾಮೊಂದರಲ್ಲಿ ಪಾರ್ಸೆಲ್ ಕಟ್ಟುತ್ತಾಳೆ. "ಬ್ಯಾಂಡೇಜ್ ಸುತ್ತೋದು ಕಲ್ತು ಡಬ್ಬಕ್ಕೆ ಟೇಪ್ ಸುತ್ತಾ ಇದೀನಿ ಕಣೇ. ನನ್ ಪೇಶೆಂಟ್ಸ್ ಯಾರೂ ಸಾಯಲ್ಲ, ಅದೊಂದ್ ಖುಷಿ," ಎಂದು ಫೋನಿನಲ್ಲಿ ನಗಿಸುತ್ತಾಳೆ. ನಕ್ಕು ಮುಗಿದ ಮೇಲೆ, "ಇರೋ ಕೆಲ್ಸ ಬಿಡ್ಬೇಡ್ವೇ" ಅನ್ನುತ್ತಾಳೆ.

ಅಣ್ಣನನ್ನು ಫೋನಿನಲ್ಲಿ ಕೇಳಿದಳು. ಯಂತ್ರಗಳ ಸದ್ದಿನ ನಡುವೆ ಅವನು "ನಿನ್ನಿಷ್ಟವ್ವ" ಅಂದ.

"ನಿನ್ನಿಷ್ಟ ಅಂದ್ರ ಕೇಳಾಕ ಚಂದ ಅನಸ್ತೈತ್ರಿ. ನನಗ ಬಾಗಲಾ ಹಾಕಿದಂಗಾತು."

ಹೀಗೆನ್ನುವಾಗಲೂ ಅವಳ ಕೈ ದಿಂಬಿನ ಸುಕ್ಕು ಬಿಡಿಸುತ್ತಲೇ ಇರುತ್ತದೆ. ಭಾನುವಾರ ಕಾಡುಗೋಡಿ ಮಾರ್ಕೆಟ್ಟಿನಲ್ಲಿ ಬೇಕಿಲ್ಲದ ಸೊಪ್ಪಿಗೂ ಬೆಲೆ ಕೇಳುತ್ತಾಳಂತೆ, ಯಾರಾದರೂ ತಿರುಗಿ ಒಂದು ಮಾತಾಡಲಿ ಎಂದು.

ಮೊನ್ನೆ ಪಿಳ್ಳಮ್ಮನಿಗೂ ವಿಷಯ ಹೇಳಿದಳು. ಗೋಡೆಯ ಕಡೆ ಮುಖವಿದ್ದ ಪಿಳ್ಳಮ್ಮ ಆ ದಿನ ಈಚೆ ತಿರುಗಿಸಲು ಬಿಡಲೇ ಇಲ್ಲ. ಕೈ ಇಟ್ಟರೆ ಕೊಡವಿದರು. ಬೈಯಲಿಲ್ಲ ಕೂಡ. ಅದೇ ತಡೆಯಲಾಗಲಿಲ್ಲ ಅನ್ನುತ್ತಾಳೆ ಮಹಾದೇವಿ. ಮಾರನೇ ಬೆಳಗ್ಗೆ ಪಿಳ್ಳಮ್ಮ ತಾವಾಗಿಯೇ ಬಾಯಿ ಬಿಟ್ಟರು.

"ನಿನ್ ಬದ್ಲು ಬರೋಳು ಯಾವೂರೋಳು?"

"ಒಡಿಶಾದಾಕಿ ಅಂತ್ರಿ."

"ಸಂಕ್ಟ ಅಂದ್ರೆ ಏನು ಅಂತ ಅವ್ಳಿಗೆ ಯೋಳ್ಬುಟ್ಟು ಓಗು." ಆಮೇಲೆ, "ಎಲ್ಡೂ ಯೋಳು," ಎಂದರು.

ಸೋಮವಾರ ವಾರ್ಡಿಗೆ ಹೋಗುವುದೆಂದು ಮಹಾದೇವಿ ಗಟ್ಟಿ ಮಾಡಿಕೊಂಡಿದ್ದಾಳೆ. ಪಾಸಾದರೂ ಕೆಲಸ ಸಿಗದಿದ್ದರೆ? ಕೇಳಿದ್ದಕ್ಕೆ ಟವೆಲು ಹಿಂಡುತ್ತಾಳೆ. ಹಿಂಡಿದ್ದನ್ನು ಹರವುತ್ತ ಹೇಳುತ್ತಾಳೆ.

"ಸಿಗಲಿಕ್ಕೂ ಇಲ್ರಿ. ಶ್ಯಾಮಲಾನ ಬಾಜೂಕ ನಿಂತು ನಾನೂ ಡಬ್ಬಿ ಕಟ್ಟತೀನೇನೋ. ಪಿಯುಸಿ ಅರ್ಧಕ್ಕ ಬಿಡಿಸಿದ್ರು. ನಾ ಇಟ್ಟಿಗಿ ಹೊತ್ತ ಒಂದ್ ಬಿಲ್ಡಿಂಗೂ ಪೂರಾ ಆಗೂದು ನೋಡಿಲ್ಲ. ಸುಣ್ಣ ಹಚ್ಚೂಕಿಂತ ಮೊದಲ ಬ್ಯಾರೆ ಕಡೆ ಕಳಿಸ್ತಿದ್ರು. ನನ್ ಜೀವನದಾಗ ಮುಗಿಸಿದ್ದು ಅಂತ ಇದೊಂದಾದ್ರೂ ಇರಲಿ ಬಿಡ್ರಿ."