ಎಡಗೈಯ ಕೈಗವಸು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು ಬರುತ್ತಿತ್ತು. ಊರಲ್ಲಿ ಯಾರಾದರೂ ದೆವ್ವ ನೋಡಿದೆ ಎಂದರೆ, ಎಷ್ಟು ದೂರದಿಂದ ನೋಡಿದಿರಿ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು ಎಂದೆಲ್ಲ ಕೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ನಾನು ಓದಿದ್ದು ಎಂಜಿನಿಯರಿಂಗ್, ಮಾಡಿದ ಕೆಲಸ ಪಂಪುಗಳದ್ದು. ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂಬುದು ನನ್ನ ಧೋರಣೆ. ಇವತ್ತಿಗೂ ಅದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ನನ್ನ ಮೇಜಿನ ಡ್ರಾಯರಿನಲ್ಲಿ ಎರಡು ಕೈಗವಸುಗಳಿವೆ. ಅವುಗಳ ಮಟ್ಟಿಗೆ ನನಗೆ ಏನೂ ಹೊಳೆದಿಲ್ಲ. ನೀವು ನಗುವುದಾದರೆ ನಗಿ, ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಮದುವೆಯಾಗಿರಲಿಲ್ಲ, ನ್ಯೂಜೆರ್ಸಿಯ ವುಡ್‌ಬ್ರಿಡ್ಜ್ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದೆ. ಮೇಲಿನ ಮಹಡಿಯಲ್ಲಿ ಧಾರವಾಡದ ವಸಂತಣ್ಣ ಮತ್ತು ಅವರ ಹೆಂಡತಿ ಸುಶೀಲಾ ವೈನಿ. ವಾರದ ಅರ್ಧ ದಿನಗಳಲ್ಲಿ ನನ್ನ ಊಟ ಅವರ ಮನೆಯಲ್ಲೇ. ವಸಂತಣ್ಣ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ. ಆದರೆ ಆಫೀಸಿನ ಅಮೆರಿಕನ್ನರ ಜೊತೆ ಒಮ್ಮೆ ಹೋಗಿ ಬಂದದ್ದೇ ನೆಪ, ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯುವ ಹುಚ್ಚು ಅಂಟಿಸಿಕೊಂಡಿದ್ದರು. ಹಿಡಿದ ಮೀನೆಲ್ಲ ನನಗೆ. ನಾನು ಅಂಕೋಲೆಯವನು, ಮೀನಿಲ್ಲದ ಅನ್ನ ಗಂಟಲಿಗಿಳಿಯುವುದಿಲ್ಲ. ಹೀಗಾಗಿ ನಮ್ಮಿಬ್ಬರ ಜೋಡಿ ಚೆನ್ನಾಗಿ ಕೂಡಿಬಂದಿತ್ತು.

ಚಳಿಗಾಲದ ಭಾನುವಾರಗಳಲ್ಲಿ ಉತ್ತರದ ಗುಡ್ಡಗಳ ಕಡೆಗಿನ ಒಂದು ಸರೋವರಕ್ಕೆ ಹೋಗುತ್ತಿದ್ದೆವು. ಅಲ್ಲಿ ವಸಂತಣ್ಣ ಮೇಷ್ಟರು, ನಾನು ಶಾಲೆಯ ಹುಡುಗ. ಮುಂದಿನ ಹೆಜ್ಜೆ ಇಡುವ ಮೊದಲು ಹಾರೆಯಿಂದ ಮಂಜುಗಡ್ಡೆಯನ್ನು ಕುಟ್ಟಿ ನೋಡಬೇಕು. ಬೇರೆಯವರು ಮೀನಿಗಾಗಿ ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಹತ್ತಿರ ನಮ್ಮ ಬೈರಿಗೆ ಇಡಬಾರದು, ಜಾಗ ಬೇಕಾದರೆ ಕೇಳಬೇಕು. ತೂತು ಕೊರೆದ ಮೇಲೆ ತೇಲುವ ಚೂರುಗಳನ್ನು ತೆಗೆಯಬೇಕು. ಅದಕ್ಕೆ ಅವರು ವೈನಿಯ ಭಜಿ ಕರಿಯುವ ತೂತಿನ ಸೌಟನ್ನೇ ಕದ್ದು ತಂದಿದ್ದರು, ವೈನಿ ಅದನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ. ಸೀಸದ ಗುಂಡು ಬಿಟ್ಟು ತಳ ಎಲ್ಲಿದೆ ಎಂದು ನೋಡಿ, ಗಾಳವನ್ನು ಅಲ್ಲಿಂದ ಒಂದು ಗೇಣು ಮೇಲಿಡಬೇಕು. ಬಹಳ ಹೊತ್ತು ಏನೂ ಸಿಗದಿದ್ದರೆ ಹಟ ಹಿಡಿದು ಕೂರದೆ ಬೇರೆ ಕಡೆ ಕೊರೆಯಬೇಕು. ಧಪಧಪ ನಡೆಯಬಾರದು, ಕೂಗಾಡಬಾರದು. ಹೊರಡುವಾಗ ತೂತಿನಲ್ಲಿ ಒಂದು ಪೈನ್ ಕೊಂಬೆ ನೆಟ್ಟು ಬರಬೇಕು, ಮುಂದೆ ಬರುವವರ ಕಾಲು ಅದರಲ್ಲಿ ಬೀಳದಿರಲಿ ಎಂದು. ಇನ್ನೊಂದಿತ್ತು. ಹಳ್ಳ ಬಂದು ಸರೋವರಕ್ಕೆ ಸೇರುವ ಮೂಲೆಯಲ್ಲಿ ಮೀನು ಹೆಚ್ಚು, ಆದರೆ ಕೆಳಗೆ ನೀರು ಹರಿಯುವುದರಿಂದ ಮಂಜುಗಡ್ಡೆ ತೆಳು. ಅಲ್ಲಿಗೆ ಒಬ್ಬರೇ ಹೋಗಕೂಡದು.

ನಮ್ಮ ಗಾಳಗಳು ಟಿಪ್-ಅಪ್ ಎಂಬ ಕಟ್ಟಿಗೆಯ ಚೌಕಟ್ಟಿಗೆ ಕಟ್ಟಿರುತ್ತಿದ್ದವು. ಮೀನು ಎಳೆದ ಕೂಡಲೇ ಅದರ ಮೇಲೊಂದು ಕೆಂಪು ಬಟ್ಟೆಯ ಬಾವುಟ ಏಳುತ್ತದೆ. ಒಬ್ಬರೇ ನಾಲ್ಕಾರು ತೂತು ಇಟ್ಟುಕೊಂಡು ದೂರದಿಂದ ಕಾಯಬಹುದು.

ಇನ್ನು ಕೈಗವಸಿನ ವಿಷಯ. ಆ ವರ್ಷ ವೈನಿ ಗಂಡನಿಗಾಗಿ ಕಾಫಿ ಬಣ್ಣದ ಉಣ್ಣೆಯಲ್ಲಿ ಒಂದು ಜೊತೆ ಹೆಣೆದಿದ್ದರು. ಧಾರವಾಡದಲ್ಲಿ ಕೈಗವಸು ಯಾರು ಹೆಣೆಯುತ್ತಾರೆ? ಸ್ವೆಟರಿನ ಅಂದಾಜಿನಲ್ಲಿ ಮಾಡಿದ್ದು. ಹೆಬ್ಬೆರಳನ್ನು ಅಂಗೈ ಕಡೆಗೆ ಬಾಗಿಸಿ ಚೆನ್ನಾಗಿಯೇ ಕೂರಿಸಿದ್ದರು, ಆದರೆ ಎರಡನ್ನೂ ಬಲಗೈಗೇ ಹೆಣೆದುಬಿಟ್ಟಿದ್ದರು. ನಾವೆಲ್ಲ ನಕ್ಕೆವು, ವೈನಿಯೂ ನಕ್ಕರು. ವಸಂತಣ್ಣ ಅವನ್ನೇ ಹಾಕಿಕೊಂಡು ತಿರುಗಿದರು, ಎಡಗೈಯ ಹೆಬ್ಬೆರಳು ಹಿಂದುಮುಂದಾಗಿ ಕಾಣುತ್ತಿತ್ತು. ವೈನಿ ಏನು ಹೆಣೆದರೂ ದೃಷ್ಟಿ ತಾಗದಿರಲೆಂದು ಎಲ್ಲಾದರೂ ಕಪ್ಪು ನೂಲಿನ ಒಂದು ಹೊಲಿಗೆ ಹಾಕುತ್ತಿದ್ದರು. ಈ ಗವಸುಗಳಲ್ಲಿ ಅದು ಮಣಿಕಟ್ಟಿನ ಹತ್ತಿರ ಇತ್ತು.

ಒಂದು ಭಾನುವಾರ ಮಧ್ಯಾಹ್ನ ನನ್ನ ಬಾವುಟ ಎದ್ದಿತು. ವಸಂತಣ್ಣ ಇನ್ನೊಂದು ದಂಡೆಯ ಕಡೆ ಬೇರೆ ತೂತಿನ ಮುಂದೆ ಕೂತಿದ್ದರು. ಹೇಳಿಕೊಟ್ಟಂತೆ ಅವಸರ ಮಾಡದೆ ದಾರ ಓಡಲು ಬಿಟ್ಟು ಆಮೇಲೆ ಎಳೆದೆ. ಭಾರವಿತ್ತು, ಜೀವವಿರಲಿಲ್ಲ. ಮೇಲೆ ಬಂದದ್ದು ಒಂದು ಕೈಗವಸು. ಕಾಫಿ ಬಣ್ಣದ ಉಣ್ಣೆ. ಮಣಿಕಟ್ಟಿನ ಹತ್ತಿರ ಕಪ್ಪು ಹೊಲಿಗೆ, ಅದರ ಪಕ್ಕದಲ್ಲೇ ನನ್ನ ಗಾಳ ಸಿಕ್ಕಿ ಹರಿದಿದ್ದ ತೂತು. ಅಂಗೈ ಸವೆದು ಹೋಗಿತ್ತು, ಅಲ್ಲಿ ನೀಲಿ ಉಣ್ಣೆಯಿಂದ ರಫು ಮಾಡಿದ್ದರು. ತಿರುಗಿಸಿ ನೋಡಿದೆ. ಅದು ಎಡಗೈಯದು.

ತಲೆ ಎತ್ತಿ ದೂರದಲ್ಲಿದ್ದ ವಸಂತಣ್ಣನನ್ನು ನೋಡಿದೆ. ಎರಡೂ ಕೈಯಲ್ಲಿ ಕಾಫಿ ಬಣ್ಣದ ಗವಸುಗಳಿದ್ದವು, ವೈನಿ ಹೆಣೆದ ಆ ಎರಡೂ ಬಲಗೈಯವು. ಗವಸನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡೆ. ಆ ಹೊತ್ತಿಗೆ ಹೆದರಿಕೆಯೇನೂ ಆಗಲಿಲ್ಲ, ಯಾರದೋ ಗವಸು, ಹೋಲಿಕೆ ಅಷ್ಟೇ ಎಂದುಕೊಂಡೆ. ಆದರೆ ಕೂತಲ್ಲಿ ಕೂರಲು ಆಗಲಿಲ್ಲ, ನಿಂತಲ್ಲಿ ನಿಲ್ಲಲು ಆಗಲಿಲ್ಲ.

ಆ ವಾರ ಊಟಕ್ಕೆ ಹೋದಾಗ ವೈನಿ ಸೋಫಾದ ಮೇಲೆ ಕೂತು ಹೆಣೆಯುತ್ತಿದ್ದರು. ಹಳೆಯ ಸ್ವೆಟರು ಬಿಚ್ಚಿ ಅದೇ ಬಣ್ಣದ ಉಣ್ಣೆ ಹೊಂದಿಸಿದ್ದರಂತೆ. “ನೀವೆಲ್ಲಾ ನಕ್ಕು ನಕ್ಕು ನನ್ನ ಜೀವಾ ತಿಂದ್ರಿ. ಇದೊಂದು ಎಡಗೈದು ಮಾಡೇಬಿಡ್ತೀನಿ,” ಎಂದರು. ಮೊದಲು ಯಾವಾಗಲಾದರೂ ಎಡಗೈಯದು ಹೆಣೆದಿದ್ದಿರಾ ಎಂದು ಕೇಳಿದೆ. “ಇಲ್ಲಪಾ, ಇದ ಮೊದಲನೇದು,” ಎಂದರು. ನನ್ನ ತಟ್ಟೆಯಲ್ಲಿದ್ದ ಊಟ ಹಾಗೇ ಉಳಿಯಿತು.

ಮರುದಿನ ವಸಂತಣ್ಣನನ್ನು ಕೆಳಗೆ ಕರೆದು ಡ್ರಾಯರಿನಿಂದ ಗವಸು ತೆಗೆದು ತೋರಿಸಿದೆ. ಅವರು ಅದನ್ನು ಎಡಗೈಗೆ ಹಾಕಿಕೊಂಡರು. ಅಳತೆ ತೆಗೆದು ಮಾಡಿದಂತೆ ಕೂತಿತು. ಎಷ್ಟು ಬಿಗಿಯೆಂದರೆ ಕಳಚಲು ಬೆರಳುಗಳನ್ನು ಒಂದೊಂದಾಗಿ ಎಳೆಯಬೇಕಾಯಿತು. ಒಂದು ಗಳಿಗೆ ಅವರ ಮುಖದ ಬಣ್ಣವೂ ಬದಲಾದಂತೆ ನನಗೆ ಅನ್ನಿಸಿತು. ಆಮೇಲೆ ಅದನ್ನು ನನ್ನ ಕಡೆಗೆ ಎಸೆದು ನಕ್ಕರು.

“ಈ ದೇಶದಾಗ ಹೆಣಿಯೂ ಮುದುಕ್ಯಾರು ಕಡಿಮಿ ಇದ್ದಾರೇನು? ಕಪ್ಪು ದಾರ ಇತ್ತು, ಹಾಕ್ಯಾರ. ನಿಮ್ಮ ವೈನಿ ಮುಂದ ಮಾತ್ರ ಬಾಯಿ ಬಿಡಬ್ಯಾಡ. ಅಕಿ ನನ್ನ ಮನಿ ಹೊಸ್ತಿಲಾ ದಾಟಗೊಡೂದಿಲ್ಲ.”

ಮುಂದಿನ ಭಾನುವಾರ ಅವರು ಹೊಸ ಎಡಗವಸು ಹಾಕಿಕೊಂಡು ಹೊರಟರು. ಬೇಡವೆಂದರೆ ಕೇಳುವವರಲ್ಲ, ನಾನೂ ಜೊತೆಗೆ ಹೋದೆ. ಅವತ್ತು ನಾನು ಕಲಿತ ಶಿಸ್ತನ್ನೆಲ್ಲ ಗಾಳಿಗೆ ತೂರಿದೆ. ನನ್ನ ತೂತಿನ ಬಳಿ ಕೂರದೆ ಅವರ ಬೆನ್ನಿಗೇ ಅಂಟಿಕೊಂಡೆ. ಅವರು ನಡೆದಲ್ಲೆಲ್ಲ ಮುಂದೆ ಹೋಗಿ ಹಾರೆಯಿಂದ ಕುಟ್ಟಿದೆ. ಆಚೆ ಕೂತಿದ್ದ ಇಬ್ಬರು ಮುಖ ಸಿಂಡರಿಸಿ ದೂರ ಎದ್ದುಹೋದರು. “ನೀ ಹಿಂಗ ಧಿಂಗಣಾ ಹಾಕಿದ್ರ ಒಂದ ಮೀನೂ ಬರೂದಿಲ್ಲ ನೋಡು. ಅಲ್ಲೆ ಹೋಗಿ ಕೂಡು,” ಎಂದು ವಸಂತಣ್ಣ ಸಿಟ್ಟಾದರು. ನಾನು ಕೂರಲಿಲ್ಲ.

ಸಂಜೆಯ ಹೊತ್ತಿಗೆ ಗಾಳಕ್ಕೆ ಸಣ್ಣ ಮೀನು ಸಿಕ್ಕಿಸಲು ಅವರು ಎಡಗವಸನ್ನು ಹಲ್ಲಿನಿಂದ ಎಳೆದು ಕಳಚಿ ತೂತಿನ ಅಂಚಿಗೆ ಇಟ್ಟರು. ಪಕ್ಕದ ಬಾವುಟ ಎದ್ದಿತು. ಅವರು ತಿರುಗುವಾಗ ಮೊಣಕಾಲು ತಾಗಿ ಗವಸು ನೀರಿಗೆ ಜಾರಿತು, ನೋಡುನೋಡುತ್ತಿದ್ದಂತೆ ಮುಳುಗಿತು. ಅಷ್ಟೇ. ನಾನು ಅಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಗಬೇಕಾದದ್ದು ಆಗಿಹೋಯಿತು, ನೀರಿಗೆ ಬೀಳಬೇಕಾದ ಗವಸು ಖಾಲಿಯಾಗಿಯೇ ಬಿದ್ದಿತು ಎಂದು ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಹೆಂಡತಿಗೆ ಏನು ಹೇಳಲಿ ಎಂಬ ಚಿಂತೆ ವಸಂತಣ್ಣನಿಗೆ.

ನನ್ನಲ್ಲಿರುವುದನ್ನೇ ಕೊಟ್ಟುಬಿಡೋಣ, ವೈನಿಗೆ ಗೊತ್ತೂ ಆಗುವುದಿಲ್ಲ ಎಂದುಕೊಂಡು ಮನೆಗೆ ಬಂದವನೇ ಡ್ರಾಯರು ತೆಗೆದೆ. ಗವಸನ್ನು ಕೈಗೆತ್ತಿಕೊಂಡಾಗ ಅಂಗೈಯ ನೀಲಿ ರಫು ಕಣ್ಣಿಗೆ ಬಿತ್ತು. ಅಷ್ಟು ದಿನ ನೋಡಿದ್ದೇ, ಆದರೆ ಗಾಬರಿಯಲ್ಲಿ ಅದರ ಬಗ್ಗೆ ಯೋಚಿಸಿರಲೇ ಇಲ್ಲ. ಅವತ್ತು ಮುಳುಗಿದ್ದು ಹೊಚ್ಚ ಹೊಸದು, ನಾಲ್ಕು ದಿನವೂ ಬಳಸದ್ದು. ನನ್ನ ಕೈಯಲ್ಲಿದ್ದದ್ದು ವರ್ಷಗಟ್ಟಲೆ ಸವೆದದ್ದು. ಇದು ಅದಲ್ಲ.

ವೈನಿ ಬೈದುಕೊಂಡೇ ಇನ್ನೊಂದು ಎಡಗವಸು ಹೆಣೆದು ಕೊಟ್ಟರು. ಅಲ್ಲಿಂದ ಮುಂದೆ ಚಳಿಗಾಲದ ಪ್ರತಿ ಭಾನುವಾರವೂ ನಾನು ಮಾಡುತ್ತಿದ್ದ ಮೊದಲ ಕೆಲಸ, ಏನಾದರೂ ನೆಪದಲ್ಲಿ ವಸಂತಣ್ಣನ ಎಡಗವಸಿನ ಅಂಗೈ ನೋಡುವುದು. ನನಗೇ ನಾಚಿಕೆಯಾಗುತ್ತಿತ್ತು. ರಫು ಕಾಣದಿದ್ದರೆ ಆ ವಾರಕ್ಕೆ ನೆಮ್ಮದಿ.

ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳು ಉದ್ದಕ್ಕೆ ಸಾಲು ನಿಲ್ಲುತ್ತಿದ್ದ ಚಳಿಗಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ವಸಂತಣ್ಣ ಬಾಗಿಲು ತಟ್ಟಿದರು. ನನಗೆ ಜೋರು ಫ್ಲೂ, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಅವರು ಬಾಗಿಲ ಚೌಕಟ್ಟಿಗೆ ಎಡಗೈ ಊರಿ ನಿಂತಿದ್ದರು. ಕೈ ತೆಗೆದಾಗ ಅಂಗೈಯಲ್ಲಿ ನೀಲಿ ಕಂಡಿತು.

“ಅದಾ? ಸವದು ತೂತು ಬಿದ್ದಿತ್ತು. ಕಾಫಿ ಬಣ್ಣದ ಉಣ್ಣಿ ಮುಗದದ ಅಂತ, ಅಕಿ ನಿನ್ನೆ ರಾತ್ರಿ ನೀಲಿದ ಹಾಕ್ಯಾಳ,” ಎಂದರು.

ಹೋಗಬೇಡಿ ಎಂದೆ. ಅವರಿಗೆ ಹಳೆಯದು ನೆನಪಾಯಿತು. “ಆ ಹುಚ್ಚು ಇನ್ನೂ ಬಿಟ್ಟಿಲ್ಲೇನು? ನಿನ್ನೆ ತಾಸುಗಟ್ಟಲೆ ನಿಂತು ಗ್ಯಾಸ್ ತುಂಬಿಸೀನಿ ತಮ್ಮಾ,” ಎಂದರು. ಇನ್ನು ವಾದಿಸಲು ನನಗೆ ಶಕ್ತಿ ಇರಲಿಲ್ಲ. ಹಾಗಾದರೆ ಆ ಗವಸು ಕೊಟ್ಟು ಹೋಗಿ ಎಂದೆ. ನನ್ನ ಮುಖ ಹೇಗಿತ್ತೋ ಏನೋ, ಎರಡನ್ನೂ ಕಳಚಿ ಮೇಜಿನ ಮೇಲಿಟ್ಟು, ನನ್ನ ಚರ್ಮದ ಗವಸುಗಳನ್ನು ಹಾಕಿಕೊಂಡು ಹೋದರು.

ಆ ದಿನ ಕಳೆದದ್ದು ಹೇಗೆಂದು ಕೇಳಬೇಡಿ. ಮಲಗಿದೆ, ಎದ್ದೆ, ಕಿಟಕಿಗೆ ಹೋದೆ, ಮತ್ತೆ ಬಂದು ಮಲಗಿದೆ. ಮೇಲಿನ ಮನೆಯಲ್ಲಿ ವೈನಿ ಓಡಾಡುವ ಸದ್ದು ಕೇಳುತ್ತಿತ್ತು. ಹೋಗಿ ಹೇಳಿಬಿಡಲೇ ಎಂದು ಮೆಟ್ಟಿಲವರೆಗೆ ಹೋಗಿ ಹಿಂದೆ ಬಂದೆ. ಹೇಳಿ ಅವರಾದರೂ ಏನು ಮಾಡಿಯಾರು?

ಕತ್ತಲಾಗುವ ಮೊದಲೇ ಕಾರು ಬಂತು. ವಸಂತಣ್ಣ ನೇರ ನನ್ನ ಮನೆಗೇ ಬಂದರು. ಎಡಗಾಲಿನ ಪ್ಯಾಂಟು ತೊಡೆಯವರೆಗೆ ಒದ್ದೆಯಾಗಿ ಸೆಟೆದುಕೊಂಡಿತ್ತು. ಎಡಗೈಯಲ್ಲಿ ಗವಸಿರಲಿಲ್ಲ. ನಾನಿಲ್ಲದಿದ್ದರೂ ಒಬ್ಬರೇ ಹಳ್ಳದ ಮೂಲೆಗೆ ಹೋಗಿದ್ದರು, ಅಲ್ಲಿ ಕಾಲ ಕೆಳಗೆ ಮಂಜುಗಡ್ಡೆ ಒಡೆದಿತ್ತು. ಎಡಗಾಲು, ಎಡಗೈ ನೀರಿಗೆ ಹೋದವು. ಬಲಗೈಯಲ್ಲಿ ಹಾರೆ ಅಡ್ಡಹಾಕಿ ಹೊಟ್ಟೆಯ ಮೇಲೆ ತೆವಳಿ ಬಂದೆ ಎಂದರು. ನಾನು ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟರು.

“ನಿನ್ನ ಎಡಗೈ ಗ್ಲೌಸ್ ನೀರಾಗ ಹೋತಪಾ. ಅದು ಸಡಲ ಇತ್ತು, ತಾನ ಕಳಚಿ ಹೋತು. ನಂದ ಇದ್ದಿದ್ರ ಬಿಗಿ ಇರ್ತಿತ್ತು, ಕೈ ಬಿಟ್ಟು ಹೋಗ್ತಿದ್ದಿಲ್ಲ.”

ಆ ಮಾತು ಅವರು ಸಹಜವಾಗಿ ಆಡಿದ್ದು. ಆದರೆ ಅದು ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿದೆ. ತಾನಾಗಿ ಕಳಚದ ಗವಸು ಅಂದು ನನ್ನ ಗಾಳಕ್ಕೆ ಖಾಲಿಯಾಗಿ ಸಿಕ್ಕಿದ್ದು ಹೇಗೆ, ಅದರೊಳಗಿದ್ದ ಕೈ ಎಲ್ಲಿ ಹೋಗಿತ್ತು? ನಾನು ಅದನ್ನು ಅವರ ಮುಂದೆ ಎತ್ತಲಿಲ್ಲ, ಯಾರ ಮುಂದೆಯೂ ಎತ್ತಿಲ್ಲ. ಬಲಗವಸನ್ನಷ್ಟೇ ಅವರ ಕೈಗೆ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಎರಡು ಎಡಗವಸುಗಳನ್ನೂ ದೀಪದ ಕೆಳಗೆ ಪಕ್ಕಪಕ್ಕ ಇಟ್ಟು ನೋಡಿದೆ. ಕಪ್ಪು ಹೊಲಿಗೆ ಒಂದೇ ಜಾಗ, ನೀಲಿ ರಫುವಿನ ಗೆರೆಗೆರೆಯೂ ಒಂದೇ. ವ್ಯತ್ಯಾಸ ಇದ್ದದ್ದು ಒಂದೇ ಕಡೆ. ನೀರಿನಿಂದ ಬಂದದ್ದಕ್ಕೆ ಮಣಿಕಟ್ಟಿನ ಬಳಿ ಗಾಳದ ತೂತಿತ್ತು, ವಸಂತಣ್ಣ ಬಿಟ್ಟುಹೋದದ್ದಕ್ಕೆ ಇರಲಿಲ್ಲ. ಅಂದರೆ ಅದಿನ್ನೂ ನೀರಿಗೆ ಹೋಗಿಲ್ಲ, ಅಷ್ಟೇ.

ಎಷ್ಟೋ ವರ್ಷವಾಯಿತು. ವಸಂತಣ್ಣ, ವೈನಿ ನೀರು ಹೆಪ್ಪುಗಟ್ಟದ ದಕ್ಷಿಣದ ರಾಜ್ಯವೊಂದಕ್ಕೆ ಹೋಗಿ ನೆಲೆಸಿದ್ದಾರೆ, ಆರೋಗ್ಯವಾಗಿದ್ದಾರೆ. ಫೋನ್ ಮಾಡಿದಾಗಲೆಲ್ಲ ಅವರು ತಪ್ಪದೆ ಕೇಳುತ್ತಾರೆ, “ತಮ್ಮಾ, ನನ್ನ ಗ್ಲೌಸ್ ಯಾವಾಗ ಕೊಡಾಂವ?” ಹುಡುಕುತ್ತಿದ್ದೇನೆ ಅನ್ನುತ್ತೇನೆ. ಫೋನ್ ಇಟ್ಟ ಮೇಲೆ ಡ್ರಾಯರು ತೆಗೆದು, ತೂತಿಲ್ಲದ ಆ ಗವಸಿನ ಮಣಿಕಟ್ಟನ್ನು ಬೆರಳಾಡಿಸಿ ನೋಡುತ್ತೇನೆ. ಇನ್ನೂ ತೂತು ಬಿದ್ದಿಲ್ಲ.